ತಬಾವಾಳ ಹೆಗಲೆಣಿಕೆ

ಕ್ವಾಬೆ ಊರಿನ ತಬಾವಾ ಎಣಿಸಿದ್ದು ಒಮ್ಮೆಯೂ ತಪ್ಪಿಲ್ಲ. ಬೇಕಾದರೆ ಈ ಮಾತನ್ನು ಬಂಡೆಯ ಮೇಲೆ ಕೆತ್ತಿಸಿಡಬಹುದು. ಬಂಡೆ ಸವೆದೀತು, ಮಾತು ಸವೆಯದು. ಅವಳ ಹರೆಯದಲ್ಲಿ ಒಂದು ಸಲ ಆಕಾಶವೇ ಕಾಣದಂತೆ ಮಿಡತೆ ಬಂತು. ಊರಿನವರು ತಗಡು ಬಡಿದರು, ಹೊಗೆ ಹಾಕಿದರು, ಇದ್ದಬದ್ದ ದೇವರನ್ನೆಲ್ಲ ಕೂಗಿದರು. ಮಿಡತೆ ಜಗ್ಗಲಿಲ್ಲ. ತಬಾವಾ ಅಂಗಳಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು ಎಣಿಸತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಎಣಿಕೆ ಮುಗಿಸಿ, "ಮೂರು ಕಡಿಮೆ ಇವೆ" ಎಂದಳು. ಮಿಡತೆಗಳಿಗೆ ಎಷ್ಟು ಅವಮಾನವಾಯಿತೆಂದರೆ, ಕಾಣೆಯಾದ ಆ ಮೂರನ್ನು ಹುಡುಕಿಕೊಂಡು ಇಡೀ ದಂಡು ಬಂದ ದಾರಿಯಲ್ಲೇ ಹಿಂದಿರುಗಿತು. ಆ ವರ್ಷ ಬೆಳೆದಷ್ಟು ಜೋಳ ಕ್ವಾಬೆಯಲ್ಲಿ ಮತ್ತೆಂದೂ ಬೆಳೆಯಲಿಲ್ಲ. ನಂಬದವರು ಆ ಜೋಳ ತಿಂದವರನ್ನು ಕೇಳಬಹುದು. ಅವರಲ್ಲಿ ಒಬ್ಬಿಬ್ಬರಿಗೆ ಇವತ್ತಿಗೂ ಹಸಿವಾಗಿಲ್ಲ.

ಈಗ ಅವಳಿಗೆ ಎಪ್ಪತ್ತರ ಮೇಲಾಗಿದೆ. ಗಂಡ ಹೋಗಿ ಬಹಳ ವರ್ಷವಾಯಿತು. ಮಗ ಝತಾವು ಹೊಲ ನೋಡಿಕೊಳ್ಳುತ್ತಾನೆ. ಮೈ ಕುಗ್ಗಿದೆ, ಹಲ್ಲು ಅರ್ಧಕ್ಕರ್ಧ ಉದುರಿವೆ, ಆದರೆ ಹೆಗಲು ಎರಡೂ ಹಾಗೇ ಇವೆ. ಕ್ವಾಬೆಯವರು ಗ್ಬಾಗ್ಯಿ ಜನ, ಗ್ಬಾಗ್ಯಿ ಹೆಂಗಸು ತಲೆಯ ಮೇಲೆ ಹೊರೆ ಹೊರುವವಳಲ್ಲ. ತಲೆ ಇರುವುದು ಯೋಚಿಸಲಿಕ್ಕೆ, ಅದರ ಮೇಲೆ ಸೌದೆ ಹೇರಿದರೆ ಯೋಚನೆ ಎಲ್ಲಿ ಕೂರಬೇಕು? ಹೊರೆಯೆಲ್ಲ ಹೆಗಲಿಗೆ. ತಬಾವಾಳ ಹೆಗಲ ಮೇಲೆ ಅರವತ್ತು ವರ್ಷದ ನೀರು, ಸೌದೆ, ಮಡಿಕೆ, ಹೆಗ್ಗೆಣಸು ಕೂತು ಎದ್ದು ಹೋಗಿ ಅಲ್ಲಿ ಎರಡು ಗಟ್ಟಿ ಜಡ್ಡು ಬಿದ್ದಿವೆ. ಒಂದು ಸಲ ಚೇಳು ಅವಳ ಎಡ ಹೆಗಲನ್ನು ಕುಟುಕಿ ತಾನೇ ಮೂರು ದಿನ ಕುಂಟಿತ್ತು.

ಊರಿನಲ್ಲಿ ಏನೇ ಎಣಿಸಬೇಕಾದರೂ ಅವಳಿಗೇ ಹೇಳಿಕಳಿಸುತ್ತಿದ್ದರು. ಕಣಜಕ್ಕೆ ಹೋಗುವ ಜೋಳದ ಕಟ್ಟು, ಆವಿಗೆಗೆ ಇಡುವ ಮಡಿಕೆ, ಗೆಣಸು ಊರಲು ಹೊಲದಲ್ಲಿ ಎಬ್ಬಿಸಿದ ಮಣ್ಣಿನ ಗುಡ್ಡೆ. ಅವಳು ಎಣಿಸುತ್ತಿದ್ದದ್ದು ಅಪ್ಪಟ ಗ್ಬಾಗ್ಯಿ ನುಡಿಯಲ್ಲಿ. ಈಗಿನ ಹುಡುಗರು ಮೂರಕ್ಕೆ ಸುಸ್ತಾಗಿ ನಾಲ್ಕರಿಂದ ಸಂತೆಯ ಹೌಸಾ ಭಾಷೆಗೆ ಹಾರುತ್ತಾರೆ, ಹತ್ತು ದಾಟಿದರೆ ಇಂಗ್ಲಿಷಿಗೆ. ತಬಾವಾಳದು ಹಾಗಲ್ಲ. ಐದರ ತನಕ ಒಂದೊಂದಕ್ಕೂ ಒಂದೊಂದು ಹೆಸರು. ಐದಾದರೆ ಒಂದು ಕೈ ತುಂಬಿತು. ಆಮೇಲೆ ಐದು-ಒಂದು, ಐದು-ಎರಡು, ಐದು-ಮೂರು, ಐದು-ನಾಲ್ಕು. ಹತ್ತಕ್ಕೆ ಮತ್ತೆ ಸ್ವಂತ ಹೆಸರು. ಹೀಗೇ ನಡೆದು ಇಪ್ಪತ್ತಕ್ಕೆ ಬಂದರೆ ಅಲ್ಲೊಂದು ಕಟ್ಟೆ; ಕೂತು ಉಸಿರು ಬಿಟ್ಟು ಮುಂದಿನ ಇಪ್ಪತ್ತಕ್ಕೆ ಹೊರಡಬೇಕು. ನಲವತ್ತು ಎಂದರೆ ಎರಡು ಇಪ್ಪತ್ತು. ನೂರು ಎಂದರೆ ಐದು ಇಪ್ಪತ್ತು. ನಾನೂರು ಎಂದರೆ ಇಪ್ಪತ್ತು ಇಪ್ಪತ್ತು. ಅಲ್ಲಿಗೆ ಹೋದವನು ಸುಮ್ಮನೆ ಹೋದವನಲ್ಲ, ಮೆಟ್ಟಿಲು ಮೆಟ್ಟಿಲು ಹತ್ತಿ ಹೋದವನು.

ಇದನ್ನು ಕಂಡರಾಗದವನು ಊರಿನಲ್ಲಿ ಒಬ್ಬನೇ, ಅವಳ ಮೈದುನ ತುಕುರಾ. ಗಂಡನ ಕೊನೆಯ ತಮ್ಮ. ಹರೆಯದಲ್ಲಿ ಮೂರು ತಿಂಗಳು ರಸ್ತೆ ಅಳೆಯುವವರ ಸರಪಳಿ ಹಿಡಿದಿದ್ದ. ಆ ಮೂರು ತಿಂಗಳನ್ನು ಅವನು ನಲವತ್ತು ವರ್ಷದಿಂದ ಹೇಳುತ್ತಿದ್ದಾನೆ, ಇನ್ನೂ ಎರಡನೆಯ ತಿಂಗಳು ಮುಗಿದಿಲ್ಲ.

"ಅತ್ತಿಗೆ, ಎಂಟಕ್ಕೆ ಹೌಸಾದಲ್ಲಿ ಒಂದೇ ಮಾತು. ಬಾಯಿ ತೆರೆದ್ರೆ ಮುಗೀತು," ಎನ್ನುತ್ತಿದ್ದ. "ನೀನು ಐದು-ಮೂರು ಅನ್ನೋಷ್ಟರಲ್ಲಿ ಎಂಟನೇ ಮೇಕೆ ಕಳ್ಳನ ಹೊಟ್ಟೇಲಿರುತ್ತೆ."

"ಒಂದೇ ಮಾತಲ್ಲಿ ಅಂದೋನಿಗೆ ಅದರೊಳಗೇನಿದೆ ಅಂತ ಗೊತ್ತೇನೋ? ನಾನು ಐದು-ಮೂರು ಅಂದ್ರೆ ಒಂದು ಕೈ ತುಂಬಿದೆ, ಇನ್ನೊಂದರಲ್ಲಿ ಮೂರು ಬೆರಳೆದ್ದಿದೆ ಅಂತ ಕುರುಡನಿಗೂ ಕಾಣುತ್ತೆ. ನಿನ್ನ ಎಂಟು ಬಾಯಿ ಮುಚ್ಚಿದ ಮಡಿಕೆ ಇದ್ದಂಗೆ. ಒಳಗೆ ಸಾರಿದೆಯೋ ಹಾವಿದೆಯೋ!"

ಇಂಥ ಜಗಳ ದಿನಕ್ಕೆರಡು ನಡೆಯದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಇಪ್ಪತ್ತರ ಮೇಲೆ ಇಪ್ಪತ್ತು ಬೀಳುತ್ತ ಹೋದರೆ ಎಷ್ಟು ಬಿತ್ತೆಂದು ನೆನಪಿಡುವುದು ಹೇಗೆ? ಬೇರೆಯವರು ಕಲ್ಲು ಇಡುತ್ತಾರೆ, ಕಡ್ಡಿ ನೆಡುತ್ತಾರೆ. ತಬಾವಾ ಕಡ್ಡಿಯನ್ನು ನಂಬುವವಳಲ್ಲ. ಕಡ್ಡಿಯನ್ನು ಮೇಕೆ ತಿನ್ನುತ್ತದೆ, ಹೆಗಲನ್ನು ಮೇಕೆ ತಿನ್ನುವುದಿಲ್ಲ. ಅವಳು ಎಣಿಸಲು ಹೊರಟರೆ ಹೆಗಲ ಮೇಲೆ ಜೋಳದ ಹೆಂಡದ ಒಂದು ಮಡಿಕೆ ಇರಲೇಬೇಕು. ಮೊದಲ ಇಪ್ಪತ್ತು ಮುಗಿಯುವ ತನಕ ಅದು ಬಲ ಹೆಗಲಲ್ಲಿ. ಎರಡನೆಯ ಇಪ್ಪತ್ತಕ್ಕೆ ಎಡಕ್ಕೆ. ಎಡದ್ದೂ ಮುಗಿದು ಮಡಿಕೆ ಬಲಕ್ಕೆ ಮರಳಿತೆಂದರೆ ಸೊಂಟದ ನಾರುಹಗ್ಗಕ್ಕೆ ಒಂದು ಗಂಟು. ಕೊನೆಗೆ ಗಂಟು ಮುಟ್ಟಿ ನೋಡಿಕೊಂಡು, ಮಡಿಕೆ ಯಾವ ಹೆಗಲಲ್ಲಿದೆಯೆಂದು ನೋಡಿಕೊಂಡು ಮೊತ್ತ ಹೇಳುತ್ತಿದ್ದಳು. ಆಮೇಲೆ ಆ ಹೆಂಡವನ್ನು ಕೆಲಸದವರಿಗೆ ಹಂಚುತ್ತಿದ್ದಳು. ಎಣಿಕೆಯ ನಡುವೆ ಮಾತಾಡುತ್ತಿರಲಿಲ್ಲ. ಒಮ್ಮೆ ಎಣಿಸುತ್ತಿರುವಾಗ ಅವಳದೇ ಮನೆಯ ಹುಲ್ಲುಮಾಡಿಗೆ ಬೆಂಕಿ ಬಿದ್ದಿತ್ತು. ಐದು-ನಾಲ್ಕರಲ್ಲಿದ್ದಳು, ಹತ್ತು ಮುಟ್ಟಿಸಿಯೇ "ಅಯ್ಯೋ" ಎಂದಳು.

ಆ ವರ್ಷ ಎಣಿಸಬೇಕಾದದ್ದು ಅವಳ ಮನೆಯದ್ದೇ.

ಝತಾವುವಿನ ಮಗಳು ಲಾಮಿಯನ್ನು ಹೊಳೆಯಾಚೆಯ ಶೆಕ್ವೋಲೊ ಎಂಬ ಹುಡುಗ ಕೇಳಿದ್ದ. ಹೆಣ್ಣು ಕೇಳಿದ ಮೇಲೆ ಮಾವನ ಹೊಲದಲ್ಲಿ ಏಳು ವರ್ಷ ಗುದ್ದಲಿ ಹಿಡಿಯಬೇಕು. ಶೆಕ್ವೋಲೊ ಆರು ವರ್ಷ ಹಿಡಿದ, ಏಳನೆಯದನ್ನೂ ಹಿಡಿದ. ಪ್ರತಿ ವರ್ಷ ಓರಗೆಯ ಗೆಳೆಯರನ್ನು ಕಟ್ಟಿಕೊಂಡು ಬಂದು, ಡೋಲು ಬಾರಿಸಿಕೊಂಡು ಅಗೆಯುತ್ತಿದ್ದ. ಅವನು ಅಗೆಯುವ ವೇಗಕ್ಕೆ ಮಣ್ಣಿನೊಳಗಿನ ಇಲಿಗಳು ಗಂಟುಮೂಟೆ ಕಟ್ಟಿ ಪಕ್ಕದ ಊರಿಗೆ ಗುಳೆ ಹೋಗಿದ್ದವು. ಕೊನೆಯ ವರ್ಷಕ್ಕೆಂದು ಝತಾವು ಹಿರಿಯರ ಮುಂದೆ ಮಾತು ಕಟ್ಟಿದ್ದ: "ಬಡಗಣ ದೂಳುಗಾಳಿ ಬೀಸೋದ್ರೊಳಗೆ ಇಪ್ಪತ್ತು ಇಪ್ಪತ್ತು ಗೆಣಸಿನ ಗುಡ್ಡೆ ಎಬ್ಬಿಸ್ಲಿ. ನಮ್ಮವ್ವ ಎಣಿಸ್ತಾಳೆ. ಅವಳ ಮಾತೇ ಕೊನೆ. ಪೂರ್ತಿಯಾದ್ರೆ ಹೆಣ್ಣು ಕರ್ಕೊಂಡು ಹೋಗ್ಲಿ. ಒಂದು ಕಡಿಮೆಯಾದ್ರೂ ಇನ್ನೊಂದು ವರ್ಷ ಗೇಯ್ಲಿ."

ಝತಾವು ಕೆಟ್ಟವನಲ್ಲ. ಆದರೆ ಏಳು ವರ್ಷ ಬೇರೆಯವನ ಬೆವರಲ್ಲಿ ಹೊಲ ನಡೆಸಿದವನಿಗೆ ಸ್ವಂತ ಗುದ್ದಲಿಯ ಹಿಡಿ ಯಾವ ಕಡೆಗಿದೆ ಎನ್ನುವುದೇ ಮರೆತುಹೋಗಿತ್ತು.

ಎಣಿಕೆಯ ದಿನ ಬೆಳಗ್ಗೆ ತಬಾವಾ ಮಡಿಕೆ ತುಂಬಿಸಿ ಬಲ ಹೆಗಲಿಗೇರಿಸಿಕೊಂಡು ಹೊಲಕ್ಕಿಳಿದಳು. ಬದುವಿನ ಮೇಲೆ ಅರ್ಧ ಊರು ಕೂತಿತ್ತು. ಗುಡ್ಡೆಗಳು ಅವಳ ಸೊಂಟದೆತ್ತರ, ಸಾಲಿಗೆ ಸಾಲು, ಬೋರಲು ಹಾಕಿದ ಮಡಿಕೆಗಳ ಹಾಗೆ. ಒಂದೊಂದನ್ನೂ ಅಂಗೈಯಲ್ಲಿ ತಟ್ಟುತ್ತ ಹೊರಟಳು. ಬಲ ಹೆಗಲು, ಎಡ ಹೆಗಲು, ಗಂಟು. ಬಲ, ಎಡ, ಗಂಟು. ಮೂರನೆಯ ಗಂಟೂ ಬಿತ್ತು.

ಹೊಲದ ನಡುವೆ ಒಂದು ಶಿಯಾ ಮರವಿದೆ, ಬೀಜದಿಂದ ಬೆಣ್ಣೆ ತೆಗೆಯುವ ಮರ. ಅಲ್ಲಿಗೆ ಬರುವ ಹೊತ್ತಿಗೆ ಬಿಸಿಲು ಏರಿತ್ತು. ಬಲ ಹೆಗಲಿನ ಇಪ್ಪತ್ತು ಮುಗಿಸಿ, ಮಡಿಕೆಯನ್ನು ಎಡಕ್ಕೆ ಸಾಗಿಸಿ, ಮುಂದಿನ ಇಪ್ಪತ್ತರ ಮೊದಲ ಗುಡ್ಡೆ ತಟ್ಟಿದ್ದಳು ಅಷ್ಟೆ. ಬದುವಿನ ಮೇಲಿದ್ದ ಶೆಕ್ವೋಲೊಗೆ ಕೂರಲಾಗಲಿಲ್ಲ. ತಾನು ಕಾಲು ಚಾಚಿ ಕೂತು ಹೆಂಡತಿಯಾಗುವವಳ ಅಜ್ಜಿ ಹೊರೆ ಹೊತ್ತು ಬೆವರುವುದನ್ನು ನೋಡುವ ಅಳಿಯನನ್ನು ಯಾವ ತಾಯಿ ಹೆತ್ತಾಳು? ಓಡಿ ಬಂದ.

"ಅಜ್ಜೀ, ಮಡಿಕೆ ಇತ್ತ ಕೊಡಿ. ಒಂದು ಗಳಿಗೆ ನೆರಳಲ್ಲಿ ನಿಂತ್ಕೊಳ್ಳಿ."

ಎಣಿಸುವಾಗ ಮಾತಿಲ್ಲ. ಬೇಡವೆಂದು ತಲೆಯಾಡಿಸಿದರೆ ಊರೆದುರು ಹುಡುಗನ ಮಾನ ಹೋಗುತ್ತದೆ. ಹಿರಿಯರ ಹೊರೆಗೆ ಕೈಚಾಚಿದವನನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಕ್ವಾಬೆಯಲ್ಲಿಲ್ಲ. ಕೊಟ್ಟಳು. ಬಾಯಲ್ಲಿ "ಒಂದು" ಎಂಬುದನ್ನು ಕಡಲೆಕಾಳಿನಂತೆ ಒತ್ತಿ ಹಿಡಿದು, ನೆರಳಲ್ಲಿ ಎರಡು ಗುಟುಕು ನೀರು ಕುಡಿದಳು. ಕೈ ಸನ್ನೆ ಮಾಡಿದಾಗ ಶೆಕ್ವೋಲೊ ಮಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿ, ಮೊಣಕಾಲು ಬಗ್ಗಿಸಿ, ಬಹಳ ಭಕ್ತಿಯಿಂದ ಅವಳ ಹೆಗಲ ಮೇಲೆ ಇರಿಸಿದ.

ಇರಿಸಿದ್ದು ಬಲ ಹೆಗಲ ಮೇಲೆ.

ತಬಾವಾ "ಎರಡು" ಎಂದು ಮುಂದಿನ ಗುಡ್ಡೆ ತಟ್ಟಿದಳು.

ಹೊಲದ ಕೊನೆ ಮುಟ್ಟಿದಾಗ ಸೂರ್ಯ ಪಡುವಣಕ್ಕೆ ವಾಲಿದ್ದ. ತಬಾವಾ ಹಗ್ಗ ಸವರಿದಳು. ಒಂಬತ್ತು ಗಂಟು. ಬಲದ್ದೊಂದು ಇಪ್ಪತ್ತು ಮುಗಿದು ಮಡಿಕೆ ಎಡ ಹೆಗಲಿಗೆ ಬಂದಿತ್ತು, ಅಲ್ಲಿ ಒಂದೇ ಗುಡ್ಡೆ ತಟ್ಟಿದ್ದಾಗಿತ್ತು.

"ಹತ್ತೊಂಬತ್ತು ಇಪ್ಪತ್ತು," ಎಂದಳು. "ಮೇಲೊಂದು."

ಬದುವಿನ ಮೇಲೆ ಡೋಲಿನವನು ಎತ್ತಿದ ಕೈಯನ್ನು ಹಾಗೇ ಕೆಳಗಿಳಿಸಿದ. ಶೆಕ್ವೋಲೊನ ಗೆಳೆಯನೊಬ್ಬ, "ಇಲ್ಲಾ ಅಜ್ಜೀ, ನಾವು…" ಎಂದು ಬಾಯಿ ತೆರೆದ. ಶೆಕ್ವೋಲೊ ಅವನ ಕಾಲು ತುಳಿದ. ಹಿರಿಯರ ಎಣಿಕೆಗೆ ಎದುರಾಡುವವನಿಗೆ ಯಾರು ಹೆಣ್ಣು ಕೊಡುತ್ತಾರೆ? ಎದುರಾಡದಿದ್ದರೂ ಸಿಗುವ ಹಾಗೆ ಕಾಣಲಿಲ್ಲ, ಅದು ಬೇರೆ ಮಾತು.

ಝತಾವು ಮುಖದಲ್ಲಿ ದುಃಖ ತಂದುಕೊಂಡ. ತಂದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ಏನ್ಮಾಡೋದಪ್ಪಾ, ನಮ್ಮವ್ವನ ಎಣಿಕೆ ತಪ್ಪಿದ್ದಿಲ್ಲ. ಇನ್ನೊಂದು ವರ್ಷ. ಅದೇನು, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಕಳೆದುಹೋಗುತ್ತೆ. ಹೊಳೆ ಪಕ್ಕದ ತುಂಡು ಬೇರೆ ಖಾಲಿ ಬಿದ್ದಿದೆ."

ಸಂಜೆ ತಬಾವಾ ಒಲೆಯ ಪಕ್ಕ ಕೂತಿದ್ದಳು. ಲಾಮಿ ಅಂಗೈಯಲ್ಲಿ ಶಿಯಾ ಬೆಣ್ಣೆ ಕರಗಿಸಿ ಅಜ್ಜಿಯ ಹೆಗಲಿಗೆ ತಿಕ್ಕಲು ಬಂದಳು. ದಿನವೂ ಬಂದು ಹರಟುವವಳು, ಇವತ್ತು ಮುಖ ಊದಿಸಿಕೊಂಡು ಜೋರಾಗಿ ತಿಕ್ಕುತ್ತಿದ್ದಳು. ಹೆಗಲಲ್ಲ, ಹಿಟ್ಟು ಎಂಬಂತೆ.

"ಮೆಲ್ಲಗೆ ಕಣೇ. ಅಜ್ಜಿ ಒಬ್ಬಳೇ ಇರೋದು ನಿಂಗೆ."

"ಗಂಡಾನೂ ಒಬ್ಬನೇ ಇದ್ದ," ಎಂದಳು ಲಾಮಿ.

ತಬಾವಾ ಒಲೆಗೊಂದು ಸೌದೆ ನೂಕಿದಳು. ಲಾಮಿ ಮತ್ತೊಂದಿಷ್ಟು ಬೆಣ್ಣೆ ಕೈಗೆ ತೆಗೆದುಕೊಂಡಳು.

"ಅಜ್ಜೀ, ನೀನು 'ಮೇಲೊಂದು' ಅಂದ್ಯಲ್ಲ. ಅದು ನಿಂಗೆಂಗೆ ಗೊತ್ತಾಯ್ತು?"

"ಎಂಗೆ ಅಂದ್ರೆ? ಇತ್ತು, ತಟ್ಟಿದೆ."

"ಆ ಒಂದು ಗುಡ್ಡೇನ ಅವನು ಯಾರಿಗೂ ಹೇಳ್ದೆ ಒಬ್ಬನೇ ಬಂದು ಎಬ್ಬಿಸಿದ್ದು. ಗೆಳೆಯರಿಗೂ ಗೊತ್ತಿಲ್ಲ. ಗೆಳೆಯರು ಇಪ್ಪತ್ತು ಇಪ್ಪತ್ತು ಮುಗಿಸಿ ಲೆಕ್ಕದ ಕಡ್ಡಿ ಮುರಿದು ಎದ್ದು ಹೋದ ಮೇಲೆ, ಎಣಿಸೋ ಅಜ್ಜಿಗೆ ಅಂತ ಒಂದು ಇರ್ಲಿ ಅಂತ ಮಾಡಿದ್ದಂತೆ. ಮದುವೆ ದಿನ ನಿಂಗೆ ಹೇಳೋಣ ಅಂತಿದ್ದ, ನಂಗೊಬ್ಬಳಿಗೆ ಹೇಳಿದ್ದ. ನೀನು ಅವನು ಕದ್ದು ಎಬ್ಬಿಸಿದ ಗುಡ್ಡೇನೂ ಬಿಡದೆ ತಟ್ಟಿದ್ದೀಯ. ಹಂಗಿದ್ಮೇಲೆ ಇಪ್ಪತ್ತು ಎಲ್ಲಿ ಬಿಟ್ಟೆ?"

"ನಾನು ಬಿಡೋಳಲ್ಲ," ಎಂದು ತಬಾವಾ ಬೆನ್ನು ನೆಟ್ಟಗೆ ಮಾಡಿದಳು. ಆಗ ಲಾಮಿಯ ಹೆಬ್ಬೆರಳು ಬಲ ಹೆಗಲ ಜಡ್ಡಿನ ಅಂಚಿಗೆ ತಾಗಿತು. ತಬಾವಾ "ಹ್ಞಾ" ಎಂದಳು.

ಆ ಹೆಗಲು ನೋಯುವ ಹೆಗಲಲ್ಲ. ಇಪ್ಪತ್ತು ಗುಡ್ಡೆ ಹೊತ್ತು ಇಪ್ಪತ್ತು ಗುಡ್ಡೆ ಕೂತುಕೊಳ್ಳುವ ಹೆಗಲು, ಅರವತ್ತು ವರ್ಷದ ಕರಾರು. ಎಡದ್ದನ್ನು ಮುಟ್ಟಿ ನೋಡಿದಳು: ತಣ್ಣಗೆ, ಏನೂ ಅರಿಯದ ಮಗುವಿನ ಹಾಗಿತ್ತು. ಬಲದ್ದನ್ನು ಮುಟ್ಟಿದಳು: ಉರಿಯುತ್ತಿತ್ತು. ಎಲ್ಲಿಯೋ ಒಂದು ಕಡೆ ಅದು ಇಪ್ಪತ್ತರ ಮೇಲೆ ಇಪ್ಪತ್ತು, ಕೂರದೆ ಹೊತ್ತಿದೆ. ತಬಾವಾ ಕಣ್ಣು ಮುಚ್ಚಿ ಹೊಲದಲ್ಲಿ ಮತ್ತೊಮ್ಮೆ ನಡೆದಳು. ಗಂಟು ಒಂದು, ಎರಡು, ಮೂರು. ಬಲದ ಇಪ್ಪತ್ತು. ಮಡಿಕೆ ಎಡಕ್ಕೆ. ಶಿಯಾ ಮರ. ನೀರು. ಹುಡುಗನ ಬಗ್ಗಿದ ಮೊಣಕಾಲು.

"ಏ ಲಾಮೀ," ಎಂದಳು. "ನಿನ್ನ ಗಂಡನಾಗೋನು ಎಷ್ಟು ಮರ್ಯಾದಸ್ಥ ಅಂದ್ರೆ, ತನ್ನ ಮದುವೇನ ತಾನೇ ಎತ್ತಿ ನನ್ನ ತಪ್ಪು ಹೆಗಲ ಮೇಲಿಟ್ಟ."

ಲಾಮಿಗೆ ಅರ್ಥವಾದ ಕೂಡಲೇ ಎದ್ದು ನಿಂತಳು. ಆಮೇಲೆ ಮತ್ತೆ ಕೂತಳು. "ಹೇಳ್ತೀಯ?"

ಪ್ರಶ್ನೆ ಚಿಕ್ಕದು. ಹೇಳಿದರೆ ಮಿಡತೆ ಓಡಿಸಿದವಳ ಹೆಸರು ಮಣ್ಣಿಗೆ. ತುಕುರಾ ಸಾಯುವ ತನಕ ನಗುತ್ತಾನೆ, ಸತ್ತ ಮೇಲೂ ಒಂದೆರಡು ದಿನ ನಗಬಹುದು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹುಡುಗ ಬಾಯಿ ಬಿಡುವುದಿಲ್ಲ, ಇನ್ನೊಂದು ವರ್ಷ ತಲೆ ತಗ್ಗಿಸಿ ಗೇಯುತ್ತಾನೆ.

"ಇವತ್ತು ಹೇಳ್ಬಾರ್ದು," ಎಂದಳು ತಬಾವಾ. "ಇವತ್ತು ಗಂಡಸರೆಲ್ಲ ಹೆಂಡ ಕುಡಿದಿದ್ದಾರೆ. ಬೆಳಗಾದ ಮೇಲೆ, ಕಿವಿ ನೆಟ್ಟಗಿರೋವಾಗ ಹೇಳ್ತೀನಿ. ಈಗ ಹೇಳಿದ್ರೆ ನನ್ನ ತಪ್ಪನ್ನ ಅರ್ಧಂಬರ್ಧ ಕೇಳಿಸಿಕೊಂಡು ಇನ್ನೊಂದು ಸೇರಿಸಿ ಹೇಳ್ತಾರೆ."

ಬೆಳಗ್ಗೆ ಬೂರುಗದ ಮರದ ಕೆಳಗೆ ಗಂಡಸರು ಸೇರಿದ್ದರು. ಶೆಕ್ವೋಲೊ ಊರಿಗೆ ಹೊರಡಲು ಗುದ್ದಲಿ ಕಟ್ಟಿಕೊಂಡಿದ್ದ. ತಬಾವಾ ನಡೆದು ಬಂದು ನಡುವೆ ನಿಂತಳು.

"ನಿನ್ನೆ ಒಂದು ಇಪ್ಪತ್ತು ಬಿಟ್ಟುಹೋಯ್ತು. ಶಿಯಾ ಮರದ ಹತ್ರ. ಮಡಿಕೆ ಎಡ ಹೆಗಲಲ್ಲಿರಬೇಕಿತ್ತು, ಬಲಕ್ಕೆ ಬಂತು. ಹುಡುಗ ಇಟ್ಟ, ಆದ್ರೆ ಹೆಗಲು ನಂದು, ನೋಡ್ಕೋಬೇಕಾದವಳು ನಾನು. ತಪ್ಪು ನಂದು. ಗುಡ್ಡೆ ಇಪ್ಪತ್ತು ಇಪ್ಪತ್ತು ಇದೆ, ಮೇಲೊಂದು."

ತುಕುರಾ ನಗತೊಡಗಿದ. ಅವನು ನಕ್ಕ ರಭಸಕ್ಕೆ ಟೋಪಿ ಹಾರಿ ಮುಂದಿದ್ದ ಗಂಜಿಯ ಬಟ್ಟಲಿಗೆ ಬಿತ್ತು. ಅದನ್ನು ಹಿಂಡಿ ತಲೆಗಿಟ್ಟುಕೊಂಡು ಮತ್ತೆ ನಕ್ಕ.

"ಕೇಳಿದ್ರೇನ್ರಪ್ಪಾ! ಅತ್ತಿಗೆ ತಪ್ಪಿದಳು! ನಲವತ್ತು ವರ್ಷದಿಂದ ಈ ದಿನಕ್ಕೇಂತ ಜೀವ ಹಿಡ್ಕೊಂಡಿದ್ದೆ ನಾನು!"

"ಹಿಡ್ಕೊಂಡಿರೋದು ಸಾಕು, ಇನ್ನು ಬಿಡು," ಎಂದಳು ತಬಾವಾ.

ಆದರೆ ಝತಾವು ನಗಲಿಲ್ಲ. ಅವನು ಮೂಗು ಕೆರೆದುಕೊಂಡ. "ಅವ್ವಾ, ನಿನ್ನೆ ಕಡಿಮೆ ಅಂದೆ. ಇವತ್ತು ಸರಿ ಅಂತೀಯ. ನಾಳೆ ಜಾಸ್ತಿ ಅಂತೀಯೋ ಏನೋ! ನೀನು ತಪ್ಪೋಳಲ್ಲ ಅಂತ್ಲೇ ನಿನ್ನ ಮಾತು ಕೊನೆ ಅಂದಿದ್ದೆ. ತಪ್ತೀಯ ಅಂದ್ಮೇಲೆ ಇವತ್ತಿನದನ್ನೂ ಎಂಗೆ ನಂಬ್ಲಿ?"

ಸಿಕ್ಕಿಬಿದ್ದಳು. ನಿಜ ಹೇಳಿದ್ದಕ್ಕೇ ಅವಳ ಮಾತಿಗೆ ಬೆಲೆಯಿಲ್ಲದಾಯಿತು. ಶೆಕ್ವೋಲೊ ನೆಲ ನೋಡುತ್ತಿದ್ದ. ದೂರದಲ್ಲಿ ಬಿಂದಿಗೆ ಹಿಡಿದು ನಿಂತಿದ್ದ ಲಾಮಿ ಅಪ್ಪನನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಬಿಂದಿಗೆಯ ನೀರು ಕುದಿಯಲಿಲ್ಲವೆನ್ನುವುದೇ ಆಶ್ಚರ್ಯ.

ತುಕುರಾ ಮೊಬೈಲು ಹೊರತೆಗೆದ. "ದಾರಿ ಬಿಡಿ. ಇದು ತಪ್ಪೋ ವಸ್ತುವಲ್ಲ. ಒಂದೊಂದು ಗುಡ್ಡೆಗೂ ಒಂದೊಂದು ಸಲ ಒತ್ತುತ್ತೀನಿ, ಅದೇ ಕೂಡಿಸ್ಕೊಳ್ಳುತ್ತೆ. ಹೆಗಲೂ ಬೇಡ, ಹೆಂಡಾನೂ ಬೇಡ."

ಊರೆಲ್ಲ ಅವನ ಹಿಂದೆ ಹೊಲಕ್ಕೆ ಹೋಯಿತು. ತುಕುರಾ ಒತ್ತುತ್ತ ಒತ್ತುತ್ತ ನಡೆದ. ಮೊದಲ ಸಲ ನಾನೂರ ಹದಿನೆಂಟು ಬಂತು, ಬೆವರಿನ ಬೆರಳಿಗೆ ಒಂದೊಂದು ಸಲ ಎರಡೆರಡು ಬಿದ್ದಿತ್ತು. ಎರಡನೆಯ ಸಲ ಮುನ್ನೂರಕ್ಕೆ ಬಂದಾಗ ಕಡುನಾ ಪಟ್ಟಣದಲ್ಲಿರುವ ಮಗ ಫೋನ್ ಮಾಡಿದ. ತುಕುರಾ ಊರಿನವರ ಕ್ಷೇಮವನ್ನೆಲ್ಲ ಹೇಳಿ, ಮೇಕೆ ಮರಿ ಹಾಕಿದ್ದನ್ನೂ ಹೇಳಿ ಇಟ್ಟು ನೋಡಿದರೆ ಪರದೆಯ ಮೇಲೆ ಸೊನ್ನೆ.

"ಸೊನ್ನೆ ಗುಡ್ಡೆ!" ಎಂದಳು ತಬಾವಾ. "ಇಡೀ ಹೊಲಾನೇ ನುಂಗಿತಲ್ಲೋ ನಿನ್ನ ಡಬ್ಬಿ. ನಾನು ಇಪ್ಪತ್ತಾದ್ರೂ ಬಿಟ್ಟೆ."

ಜನ ನಕ್ಕರು. ತಬಾವಾ ನಗಲಿಲ್ಲ. ಬದುವಿನ ಮೇಲೆ ನಿಂತು ಗುಡ್ಡೆಗಳನ್ನು ನೋಡುತ್ತಿದ್ದಳು. ಆಮೇಲೆ ಮಗನ ಕಡೆ ತಿರುಗಿದಳು.

"ಝತಾವು, ನನ್ನ ನಂಬಬೇಡ. ತುಕುರಾನ್ನಂತೂ ನಂಬಬೇಡ. ಯಾರನ್ನೂ ನಂಬದೆ ಎಣಿಸೋ ದಾರಿ ಹೇಳ್ತೀನಿ, ಒಪ್ಕೋತೀಯ? ಒಬ್ಬೊಬ್ಬ ಹೆಂಗಸಿಗೆ ಇಪ್ಪತ್ತು ಬಿತ್ತನೆ ಗೆಣಸು. ಇಪ್ಪತ್ತಕ್ಕಿಂತ ಹೆಚ್ಚು ಯಾರೂ ಎಣಿಸೋ ಹಂಗಿಲ್ಲ. ಅಂಥ ಹೆಂಗಸರು ಇಪ್ಪತ್ತು. ಗುಡ್ಡೆಗೊಂದು ಗೆಣಸು ಊರ್ಕೊಂಡು ಹೋಗ್ಲಿ. ಗೆಣಸು ಉಳಿದ್ರೆ ಗುಡ್ಡೆ ಕಡಿಮೆ. ಗುಡ್ಡೆ ಉಳಿದ್ರೆ ಹೆಚ್ಚು. ಬಾಯಿ ಸುಳ್ಳಾಡಬಹುದು, ಗೆಣಸು ಎಲ್ಲಿ ಆಡುತ್ತೆ?"

ಝತಾವು ಯೋಚಿಸಿದ. ನಾನೂರು ಗುಡ್ಡೆಗೆ ಒಂದೇ ದಿನದಲ್ಲಿ ಬಿತ್ತನೆ ಮುಗಿಯುತ್ತದೆ, ಅದೂ ಪುಕ್ಕಟೆ. ಆಸೆ ಗಂಟಲಿಗೆ ಬಂತು. "ಆಗ್ಲಿ," ಎಂದ. ಎಂದ ಮೇಲೆ, ಅವ್ವ ತನಗೂ ಒಂದು ಗೆಣಸು ಊರಿದಳೇನೋ ಎಂಬ ಅನುಮಾನ ಹುಟ್ಟಿತು. ತಡವಾಗಿತ್ತು, ಹಿರಿಯರು ತಲೆಯಾಡಿಸಿಬಿಟ್ಟಿದ್ದರು.

ಹೆಂಗಸರು ಬಂದರು. ಮನುಷ್ಯರನ್ನು ಬೆರಳು ತೋರಿಸಿ ಎಣಿಸುವುದು ತಬಾವಾಳಿಗೆ ಸೇರುವುದಿಲ್ಲ. ಅದಕ್ಕೇ ಪ್ರತಿಯೊಬ್ಬರ ಬುಟ್ಟಿಯನ್ನು ಸಾಲಾಗಿ ಇಡಿಸಿದಳು. ಐದು ಬುಟ್ಟಿಯ ಒಂದು ಸಾಲು, ಅಂಥ ನಾಲ್ಕು ಸಾಲು. ಆಮೇಲೆ ಝತಾವುವಿನ ಗೆಣಸಿನ ಕಣಜ ತೆರೆಯಿತು. ಇಪ್ಪತ್ತು ಬಾಯಿ ಒಟ್ಟಿಗೆ ಎಣಿಸತೊಡಗಿದವು. ಒಂದು, ಎರಡು, ಮೂರು, ನಾಲ್ಕು, ಐದು. ಐದು-ಒಂದು, ಐದು-ಎರಡು… ಹೌಸಾದಲ್ಲಿ ಸಂತೆ ಮಾಡುವ ಹೊಸ ಸೊಸೆಯಂದಿರೂ ಅಕ್ಕಪಕ್ಕದವರ ಬಾಯಿ ನೋಡಿ ಹಾಗೇ ಎಣಿಸಿದರು. ಸೇರಿ ಎಣಿಸಿದ ದನಿ ಎಷ್ಟು ಎತ್ತರಕ್ಕೆ ಹೋಯಿತೆಂದರೆ, ಹೊಳೆಯಾಚೆಯ ಊರಿನಲ್ಲಿ ಮದುವೆಯೇ ಶುರುವಾಯಿತೆಂದುಕೊಂಡು ಎರಡು ಕೋಳಿ ಕೊಯ್ದರು. ತಬಾವಾ ಬಾಯಿ ಮುಚ್ಚಿ ಕೇಳುತ್ತ ನಿಂತಿದ್ದಳು. ಬರಿಯ ಹೆಗಲು ಎರಡೂ ಒಂದಿಷ್ಟು ಮೇಲಕ್ಕೆದ್ದಿದ್ದವು.

ಒಬ್ಬಳಿಗೆ ಎರಡು ತಲೆಯ ಗೆಣಸು ಸಿಕ್ಕಿತು. ಅದನ್ನು ಎರಡೆಂದು ಹಿಡಿದು ಎಣಿಸಿದಳು.

"ಏ, ಅದು ಒಂದೇ ಕಣೇ!" ಎಂದು ಪಕ್ಕದವಳು ಕಿರುಚಿದಳು. "ನಿನ್ನ ಅವಳಿ ಮಕ್ಕಳಿಗೆ ಒಂದೇ ತಟ್ಟೇಲಿ ಊಟ ಹಾಕ್ತೀಯ, ಗೆಣಸಿಗೆ ಮಾತ್ರ ಎರಡು ಲೆಕ್ಕವಾ?"

ಇನ್ನೊಂದು ಗೆಣಸು ಹಾಕಿಸಿದರು. ಹಾಗೆ ಒಬ್ಬರನ್ನೊಬ್ಬರು ಕಾದರು. ಝತಾವು ಸ್ವತಃ ನಾಲ್ಕು ಬುಟ್ಟಿ ಸುರಿದು ಎಣಿಸಿ ನೋಡಿ, ತಪ್ಪು ಸಿಗದೆ ಬೇಸರದಿಂದ ತುಂಬಿಕೊಟ್ಟ. ಆಮೇಲೆ ಬುಟ್ಟಿಗಳು ಹೆಗಲೇರಿದವು. ಇಪ್ಪತ್ತು ಹೆಂಗಸರು ಹೊಲದೊಳಕ್ಕೆ ಇಳಿದರು. ಗುಡ್ಡೆಯ ನೆತ್ತಿ ಬಗೆದು, ಗೆಣಸು ಮಲಗಿಸಿ, ಮಣ್ಣು ಮುಚ್ಚಿ, ಬಿಸಿಲು ತಾಗದಂತೆ ಮೇಲೊಂದು ಹಿಡಿ ಒಣಹುಲ್ಲಿನ ಟೋಪಿ. ಹುಲ್ಲಿನ ಟೋಪಿ ಬಿದ್ದ ಗುಡ್ಡೆಗಳು ಶಿಯಾ ಮರ ದಾಟಿದವು. ಬುಟ್ಟಿಗಳು ಒಂದೊಂದಾಗಿ ಖಾಲಿಯಾದವು. ಖಾಲಿಯಾದವಳು ಬುಟ್ಟಿ ಬೋರಲು ಮಾಡಿ ತೋರಿಸಿ ಬದು ಹತ್ತುತ್ತಿದ್ದಳು.

ಕೊನೆಗೆ ಒಬ್ಬಳು ಉಳಿದಳು. ಕೊನೆಯ ಸಾಲಿನಲ್ಲಿ ಅವಳು ಬಾಗಿ ಬಾಗಿ ಊರುತ್ತ ಹೋದಳು. ಶೆಕ್ವೋಲೊ ಉಸಿರು ಹಿಡಿದಿದ್ದ. ಎಷ್ಟು ಹೊತ್ತು ಹಿಡಿದಿದ್ದನೆಂದರೆ ಆ ಹೊತ್ತಿಗೆ ಹೊಲದ ಗಾಳಿಯೂ ನಿಂತಿತ್ತು. ಹೆಂಗಸು ಕೊನೆಯ ಗೆಣಸು ಊರಿ, ಹುಲ್ಲು ಮುಚ್ಚಿ, ಬುಟ್ಟಿ ಬೋರಲು ಮಾಡಿ ತಟ್ಟಿದಳು. ದೂಳು ಬಿತ್ತು, ಬೇರೇನೂ ಬೀಳಲಿಲ್ಲ.

ಅವಳ ಮುಂದೆ ಒಂದೇ ಒಂದು ಗುಡ್ಡೆ ಬರಿತಲೆಯಲ್ಲಿ ನಿಂತಿತ್ತು.

"ಇಪ್ಪತ್ತು ಇಪ್ಪತ್ತು," ಎಂದಳು ತಬಾವಾ ಮೆಲ್ಲಗೆ. "ಮೇಲೊಂದು."

ಡೋಲಿನವನು ನಿನ್ನೆ ಇಳಿಸಿದ್ದ ಕೈಯನ್ನು ಈಗ ಎತ್ತಿ ಬಾರಿಸಿದ. ಗೆಳೆಯರು ಶೆಕ್ವೋಲೊನನ್ನು ಹೆಗಲ ಮೇಲೆ ಹೊತ್ತರು. ಲಾಮಿ ಬಿಂದಿಗೆ ಎಲ್ಲಿಟ್ಟಳೋ ಅವಳಿಗೇ ಗೊತ್ತಿರಲಿಲ್ಲ. ಝತಾವು ಹಿರಿಯರ ಮುಂದೆ ಬಂದು, "ಕೊಟ್ಟ ಮಾತು ಕೊಟ್ಟ ಮಾತೇ. ಹುಡುಗ ಹೆಣ್ಣು ಕರ್ಕೊಂಡು ಹೋಗ್ಲಿ" ಎಂದ. ಆಮೇಲೆ ಬದುವಿಗೊರಗಿಸಿದ್ದ ತನ್ನ ಹಳೆಯ ಗುದ್ದಲಿಯನ್ನು ಕೈಗೆತ್ತಿಕೊಂಡು, ಎರಡೂ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

ತಬಾವಾ ಕೆಲಸದವರಿಗೆ ಹಂಚಲು ತರಿಸಿದ್ದ ಹೆಂಡದ ಮಡಿಕೆಯನ್ನು ಬಲ ಹೆಗಲಿಗೇರಿಸಿಕೊಂಡು ಹೊಲಕ್ಕಿಳಿದು ಆ ಒಂಟಿ ಗುಡ್ಡೆಯ ಹತ್ತಿರ ಹೋದಳು. ಶೆಕ್ವೋಲೊ ಗೆಳೆಯರ ಹೆಗಲಿಂದ ಧುಮುಕಿ ಓಡಿ ಬಂದ.

"ಅಜ್ಜೀ, ಅದು ನಿಮಗೆ ಅಂತ ಮಾಡಿದ್ದು."

"ಗೊತ್ತು ಕಣಪ್ಪ. ಒಂದು ಗೆಣಸು ತಂದ್ಕೊಡು." ತಂದುಕೊಟ್ಟ. ಕೊಡುವಾಗ ಅವಳ ಹೆಗಲ ಮೇಲಿದ್ದ ಹೆಂಡದ ಮಡಿಕೆಗೆ ಅವನ ಕೈ ತಾನಾಗಿಯೇ ಚಾಚಿತು. ತಬಾವಾ ಅವನ ಕೈಗೆ ಪಟ್ಟನೆ ಹೊಡೆದಳು. "ಇದೊಂದನ್ನ ಮುಟ್ಟಬೇಡ. ಇನ್ನೇನು ಬೇಕಾದ್ರೂ ಹೊತ್ಕೊಂಡು ಹೋಗು. ನನ್ನ ಮೊಮ್ಮಗಳನ್ನೇ ಹೊತ್ಕೊಂಡು ಹೋಗು."

ಅಷ್ಟರಲ್ಲಿ ತುಕುರಾ ಬಂದ. ಮೊಬೈಲನ್ನು ಜೇಬಿನ ತಳಕ್ಕೆ ಇಳಿಸಿದ್ದ, ಆದರೆ ಮುಖದಲ್ಲಿ ನಲವತ್ತು ವರ್ಷದ ಬಾಕಿ ಇನ್ನೂ ಇತ್ತು. ಊರೆಲ್ಲ ಕೇಳುವ ಹಾಗೆ ಕೂಗಿ ಕೇಳಿದ:

"ಎಲ್ಲಾ ಸರಿ ಅತ್ತಿಗೆ. ಹುಡುಗ ಗೆದ್ದ, ಗೆಣಸು ಗೆದ್ದಿತು. ಈಗ ನಿನ್ನ ಬಾಯಲ್ಲೇ ಹೇಳು. ಮಿಡತೆ ಬಂದ ವರ್ಷದಿಂದ ಇವತ್ತಿನ ತನಕ, ಒಟ್ಟು ನಿನ್ನ ತಪ್ಪು ಎಷ್ಟಾಯ್ತು?"

ತಬಾವಾ ಗೆಣಸು ಊರಿ, ಮಣ್ಣು ಒತ್ತಿ, ಹುಲ್ಲಿನ ಟೋಪಿ ಇಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದಳು. ಮಡಿಕೆಯನ್ನು ಬಲ ಹೆಗಲಿಂದ ಎಡ ಹೆಗಲಿಗೆ ಸಾಗಿಸಿದಳು.

"ಒಂದು," ಎಂದಳು. "ಬೇಕಾದ್ರೆ ನೀನೂ ಒಂದು ಸಲ ಎಣಿಸಿ ನೋಡ್ಕೋ ತುಕುರಾ. ಒಂದರ ತನಕ ನಿಂಗೂ ಬರುತ್ತೆ ಅಂತ ಯಾರೋ ಹೇಳಿದ್ರು."